ಕಾಶಿಯ ಕಾಲೇಜಿಗೆ ಕೋಲಾರದ ನೀರುಗಂಟಿ

ಮೊಗಲ್‌ಸರಾಯ್ ದಾಟಿದ ಮೇಲೆ

ಕಾಶಿಗೆ ಹೋಗಿ ಬಂದವರನ್ನು ಊರಿನವರೆಲ್ಲ ಕೇಳುವುದು ಒಂದೇ ಪ್ರಶ್ನೆ, ವಿಶ್ವನಾಥನ ದರ್ಶನ ಚೆನ್ನಾಗಿ ಆಯಿತೇ ಎಂದು. ಆಯಿತು. ಅದು ಒಂದು ನಿಮಿಷದ ಕೆಲಸ, ಹಿಂದಿನಿಂದ ನೂಕುವವರೇ ಮುಗಿಸಿಕೊಟ್ಟರು. ಮಿಕ್ಕ ದಿನವೆಲ್ಲ ಏನು ಮಾಡಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೆ ಬೇಡ, ನಾನೇ ಬರೆಯುತ್ತೇನೆ. ಮಿಕ್ಕ ದಿನಗಳಲ್ಲಿ ಬಹುಪಾಲು ನಾನು ಮಂಡಿಯುದ್ದ ಕೆಸರಿನಲ್ಲಿ ನಿಂತಿದ್ದೆ.

ಎಪ್ಪತ್ಮೂರರ ಶ್ರಾವಣದಲ್ಲಿ ನಾವು ಮೂವರು ಹೊರಟೆವು. ನಾನು ಕೋಲಾರದ ಕಡೆಯ ಹಳ್ಳಿಯೊಂದರ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್. ನಮ್ಮ ಯಜಮಾನರು ಪೋಸ್ಟಾಫೀಸಿನಿಂದ ನಿವೃತ್ತರಾಗಿ ಮನೆಯಲ್ಲಿ ನನ್ನ ತಪ್ಪು ಹುಡುಕುತ್ತಿದ್ದವರು. ಮೂರನೆಯವನು ನಮ್ಮೂರ ನೀರುಗಂಟಿ ಮುನಿಯಪ್ಪ. ಕೆರೆಯ ತೂಬು ಎತ್ತಿ ಇಳಿಸುವುದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಅವನಪ್ಪ, ಅಜ್ಜ ಮಾಡಿದ್ದೂ ಅದೇ. ಕಾಶಿಗೆ ಯಾಕೋ ಎಂದು ಕೇಳಿದರೆ ಅವನು ಪುಣ್ಯದ ಮಾತೇ ಎತ್ತಲಿಲ್ಲ. ಸಾಯೋದರೊಳಗೆ ಒಂದು ಸಲ ಅಷ್ಟು ನೀರು ಒಟ್ಟಿಗೆ ನೋಡಬೇಕು ಅಂದ. ನಮ್ಮ ಕೆರೆಗೆ ನೀರು ಬರುವುದು ಹಿಂಗಾರಿಗೆ, ಅಷ್ಟರೊಳಗೆ ವಾಪಸು ಬಂದುಬಿಡುತ್ತೇನೆ ಎಂದು ಊರಿಗೆ ಮಾತು ಕೊಟ್ಟು ಬಂದಿದ್ದ.

ಮೊಗಲ್‌ಸರಾಯ್ ಬಿಟ್ಟು ರೈಲು ದೊಡ್ಡ ಸೇತುವೆ ಹತ್ತಿತು. ಕೆಳಗೆ ತುಂಬಿದ ಗಂಗೆ. ಡಬ್ಬಿಯಲ್ಲಿದ್ದವರೆಲ್ಲ ಕೈ ಮುಗಿದು ಕಾಸು ಎಸೆದರು. ಮುನಿಯಪ್ಪ ಕಿಟಕಿಯ ಸರಳಿಗೆ ಹಣೆ ಒತ್ತಿ ಸೇತುವೆ ಮುಗಿಯುವವರೆಗೂ ರೆಪ್ಪೆ ಹೊಡೆಯದೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಇದರ ತೂಬು ಎಲ್ಲಿದೆ ಎಂದು ಕೇಳಿದ. ಯಜಮಾನರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವನು ತಮಾಷೆಗೆ ಕೇಳಿರಲಿಲ್ಲ.

ಕೇದಾರ ಘಾಟಿನ ಮನೆ

ನಾವು ಇಳಿದುಕೊಂಡದ್ದು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ಗಣಪತಿ ಭಟ್ಟರ ಮನೆಯಲ್ಲಿ. ಮೂರು ತಲೆಮಾರಿನಿಂದ ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುವ ಮನೆತನ. ಗಲ್ಲಿಯ ಅಗಲ ಎಷ್ಟೆಂದರೆ ಎದುರಿಗೆ ಗೂಳಿ ಬಂದರೆ ನಾವು ಯಾರದಾದರೂ ಮನೆಯೊಳಗೆ ಹೋಗಿ ಕೂರಬೇಕು. ಮೊದಲ ದಿನ ಹೀಗೆ ಎರಡು ಮನೆಯಲ್ಲಿ ನೀರು ಕುಡಿದೆ. ನನ್ನ ಹಿಂದಿ ಪರೀಕ್ಷೆ ಪಾಸು ಮಾಡಿದ ಹಿಂದಿ. ರಿಕ್ಷಾದವನ ಹತ್ತಿರ ಮಾತಾಡಿದರೆ ಅವನು ರೇಡಿಯೋ ವಾರ್ತೆ ಕೇಳುವವನ ಹಾಗೆ ನೆಟ್ಟಗೆ ನಿಂತು ಕೇಳಿ, ಕೊನೆಗೆ ತನಗೆ ತೋಚಿದ ಕಡೆಗೇ ಕರೆದುಕೊಂಡು ಹೋಗುತ್ತಿದ್ದ.

ಭಟ್ಟರು ಮುನಿಯಪ್ಪನಿಗೆ ಕೆಳಗಿನ ಬಾಗಿಲ ಪಕ್ಕದ ಕೋಣೆ ಕೊಟ್ಟರು, ಬೇರೆ ಲೋಟ ಇಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಊರಲ್ಲಿ ನಮ್ಮ ಹಿತ್ತಲ ಗೂಡಿನಲ್ಲಿ ಅವನಿಗೆಂದೇ ಇಟ್ಟ ಲೋಟ ನೆನಪಾಯಿತು. ಬಾಯಿ ಮುಚ್ಚಿಕೊಂಡೆ. ಆ ದಿನ ಊಟ ಸೇರಲಿಲ್ಲ.

ಭಟ್ಟರ ಮಗಳು ಗಿರಿಜೆ. ಹತ್ತೊಂಬತ್ತರ ಹುಡುಗಿ, ಬಿ.ಎಸ್ಸಿ. ಓದುತ್ತಿದ್ದವಳು. ಅಪ್ಪನ ಹತ್ತಿರ ಕನ್ನಡ, ತಮ್ಮನ ಹತ್ತಿರ ಹಿಂದಿ, ಹಾಲಿನವನ ಹತ್ತಿರ ಭೋಜಪುರಿಯಲ್ಲಿ ಜಗಳ. ನನ್ನನ್ನು ಮೊದಲ ದಿನದಿಂದಲೇ ‘ಮೌಸಿ’ ಎಂದಳು, ಅಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಅವಳ ಉಗುರ ಸಂದಿಯಲ್ಲಿ ಕರಿ ಮಣ್ಣು. ಪುರೋಹಿತರ ಮನೆ ಹುಡುಗಿಗೆ ಇದೇನು ಎಂದು ಕೇಳಿದರೆ ಕಾಲೇಜಿನಲ್ಲಿ ಕುಂಡ ತೋಡುತ್ತಿದ್ದೇವೆ ಅಂದಳು. ನಾನು ಹೂವಿನ ಕುಂಡವಿರಬೇಕು ಅಂದುಕೊಂಡು ತಲೆಯಾಡಿಸಿದೆ. ಆಮೇಲೆ ತಿಳಿಯಿತು, ಅದು ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲಿರುವ ಹಳೆಯ ಕಲ್ಯಾಣಿ.

ಭೇಲೂಪುರದ ಡಾಕ್ಟರು

ಇಷ್ಟರಲ್ಲಿ ಯಜಮಾನರು ದಶಾಶ್ವಮೇಧ ಘಾಟಿನ ದಾರಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಚೌರಿ ತಿಂದರು. ಒಂದು ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಐದು ತಿಂದರು. ಮೇಲೆ ಜಿಲೇಬಿ. ಮಾರನೆಯ ದಿನಕ್ಕೆ ಮನುಷ್ಯ ಮಂಚ ಹಿಡಿದರು. ಭೇಲೂಪುರದ ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಇನ್ನೊಂದು ವಾರ ರೈಲಿನ ಮಾತೇ ಬೇಡ ಎಂದುಬಿಟ್ಟರು. ನಾನು ಮನಸ್ಸಿನಲ್ಲೇ ಯಜಮಾನರಿಗೆ ಬೈದುಕೊಂಡೆ, ಬಾಯಲ್ಲೂ ಬೈದೆ.

ಒಂದು ವಾರ ಗಂಜಿ ಕಾಯಿಸುತ್ತಾ ಕೂರಲು ನಾನು ಹುಟ್ಟಿದವಳಲ್ಲ. ಗಂಜಿಯ ಉಸ್ತುವಾರಿ ಭಟ್ಟರ ಹೆಂಡತಿ ವಹಿಸಿಕೊಂಡರು. ನಾನೂ ಮುನಿಯಪ್ಪನೂ ಗಿರಿಜೆಯ ಹಿಂದೆ ಕಾಲೇಜಿಗೆ ಹೊರಟೆವು.

ಕಾಲೇಜು, ಮಂಗಳವಾರ

ಕಾಲೇಜಿನ ಹೆಸರು ಬೇಡ, ಅಲ್ಲಿಯವರು ಈಗ ನನ್ನ ಸ್ನೇಹಿತರು. ಹಿಂದೆ ಮಾವಿನ ತೋಪು, ಅದರ ಕೆಳಗೆ ಇಳಿಜಾರಾದ ಆಟದ ಮೈದಾನ, ಅದರ ಕೆಳಗೆ ಕುಂಡ, ಪಕ್ಕದಲ್ಲಿ ಹುಡುಗರ ಹಾಸ್ಟೆಲು. ಕುಂಡದಲ್ಲಿ ಬಹಳ ವರ್ಷದಿಂದ ಕಸ, ಇಟ್ಟಿಗೆ ಚೂರು, ಮುರಿದ ಬೆಂಚು ತುಂಬಿತ್ತು. ಅದನ್ನು ಮುಚ್ಚಿ ಸೈಕಲ್ ಸ್ಟ್ಯಾಂಡ್ ಕಟ್ಟುವುದೆಂದು ಆಡಳಿತ ಸಮಿತಿ ತೀರ್ಮಾನ ಮಾಡಿತ್ತು. ಗಿರಿಜೆ ಮತ್ತು ಅವಳ ಜೊತೆಯವರು ‘ಪರ್ಯಾವರಣ ಮಂಡಲಿ’ ಎಂದು ಕಟ್ಟಿಕೊಂಡು ಅಡ್ಡ ನಿಂತರು. ಪರಿಸರ ಎಂಬ ಮಾತು ಆಗಿನ್ನೂ ನಮ್ಮ ಪಠ್ಯಪುಸ್ತಕಕ್ಕೆ ಬಂದಿರಲಿಲ್ಲ. ಇವರು ಆ ಮಾತು ಬರೆದ ಬಟ್ಟೆ ಹಿಡಿದು ಪ್ರಿನ್ಸಿಪಾಲರ ಬಾಗಿಲಲ್ಲಿ ಮೂರು ದಿನ ಕೂತಿದ್ದರಂತೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ನನಗೆ ಚಹಾ ತರಿಸಿ ತಮ್ಮ ಕಷ್ಟ ಹೇಳಿಕೊಂಡರು. ಸೈಕಲ್ಲುಗಳು ಬಿಸಿಲಲ್ಲಿ ಒಣಗುತ್ತವೆ, ಕುಂಡದಲ್ಲಿ ಸೊಳ್ಳೆ ಬಿಟ್ಟರೆ ಏನೂ ಬೆಳೆಯುವುದಿಲ್ಲ. ಆದರೂ ಮಕ್ಕಳ ಹಟಕ್ಕೆ ಒಂದು ಅವಕಾಶ ಕೊಟ್ಟಿದ್ದೇನೆ ಎಂದು ಒಂದು ಕಾಗದ ತೋರಿಸಿದರು. ಗಿರಿಜೆಯ ಕೈಬರಹ, ಕೆಳಗೆ ಅವಳೊಬ್ಬಳದೇ ರುಜು. ಹೂಳು ನಾವೇ ತೆಗೆಯುತ್ತೇವೆ, ಸಮಿತಿ ನೋಡಲು ಬರುವ ದಿನ ನೀರು ಕೆಳಗಿನಿಂದ ಏಳನೆಯ ಮೆಟ್ಟಿಲು ಮುಟ್ಟಿರುತ್ತದೆ, ಮುಟ್ಟದಿದ್ದರೆ ಕುಂಡ ಮುಚ್ಚಲು ನಮ್ಮ ತಕರಾರಿಲ್ಲ ಎಂದು ಬರೆದಿತ್ತು. ಸಮಿತಿ ಬರುವುದು ಶನಿವಾರ. ನೀರು ಎರಡನೆಯ ಮೆಟ್ಟಿಲಲ್ಲೇ ಇತ್ತು.

ಹೊರಗೆ ಬಂದು ಗಿರಿಜೆಯನ್ನು ಕೇಳಿದೆ, ಮಗಳೇ, ಇಡೀ ಗಂಗೆಯೇ ಮನೆ ಮುಂದೆ ಹರಿಯುವಾಗ ಈ ಹೊಂಡಕ್ಕಾಗಿ ಯಾಕಿಷ್ಟು ಒದ್ದಾಟ ಎಂದು. ನಮ್ಮ ಕಡೆ ನದಿಯಿಲ್ಲ, ಬಿಂದಿಗೆ ಲೆಕ್ಕದಲ್ಲಿ ಬದುಕುವವರು ಕೆರೆಗಾಗಿ ತಲೆ ಒಡೆದುಕೊಂಡರೆ ಅರ್ಥವುಂಟು.

“ಗಂಗಾಜೀ ಎಲ್ಲರದ್ದು ಮೌಸಿ, ಅದಕ್ಕೇ ಯಾರೂ ಜಿಮ್ಮೇದಾರಿ ತಗೊಳ್ಳಲ್ಲ. ಎಲ್ಲ ಕೊಳೆ ಅವಳ ಮೈಮೇಲೆ ಹಾಕಿ ಕೈಮುಗಿದು ಬರ್ತಾರೆ. ನಮ್ಮಪ್ಪನೂ ಹಾಗೇ ಮಾಡೋದು. ಈ ಕುಂಡ ನಮ್ಮ ಕಾಲೇಜಿಂದು. ಇದೊಂದಾದರೂ ನಮ್ಮ ಕೈಯಲ್ಲಿ ಉಳಿಯದಿದ್ದರೆ, ನಾಳೆ ಗಂಗೆ ಬಗ್ಗೆ ಮಾತಾಡೋಕೆ ನಮಗೆ ಯಾವ ಮುಖ ಇದೆ?”

ಅಷ್ಟು ಹೇಳಿ ಅವಳು ಕುಂಡದ ಕಡೆ ಬಿರಬಿರನೆ ನಡೆದಳು. ನಾನು ಹಿಂದೆ ಹೋದೆ.

ಕುಂಡ ನೋಡಿ ನಾನು ಸ್ಕೂಲ್ ಇನ್‌ಸ್ಪೆಕ್ಟರ ಹಾಗೆ ಭೇಷ್ ಭೇಷ್ ಅಂದೆ. ಎರಡು ತಿಂಗಳು ತಲೆಯ ಮೇಲೆ ಮಂಕರಿ ಹೊತ್ತು ಹೂಳೆಲ್ಲ ತೆಗೆದಿದ್ದರು. ತೆಗೆದ ಹೂಳನ್ನು ದಂಡೆಯ ನಾಲ್ಕೂ ಕಡೆ ಸೊಂಟದೆತ್ತರ ಏರಿ ಕಟ್ಟಿ, ಮಟ್ಟಸವಾಗಿ ಬಡಿದು, ಮೇಲೆ ಬೇವು, ಹೊಂಗೆ ಸಸಿ ನೆಟ್ಟಿದ್ದರು. ಒಂದೊಂದು ತರಗತಿಗೆ ಒಂದೊಂದು ಪಾಲು. ಒಳಗೆ ಇಳಿಯಲು ಏರಿಯ ಮೇಲೆ ಹಲಗೆ ಇಟ್ಟಿದ್ದರು. ಅಷ್ಟು ಅಂದವಾದ ಏರಿಯನ್ನು ನಾನು ಕೋಲಾರ ಜಿಲ್ಲೆಯಲ್ಲೂ ನೋಡಿರಲಿಲ್ಲ.

ಮುನಿಯಪ್ಪ ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದು, ನೀರು ಯಾವ ಕಡೆಯಿಂದ ಒಳಕ್ಕೆ ಬರುತ್ತೆ ಕೇಳಿ ಅಂದ. ಕೇಳಿದೆ. ಮೇಲಿನಿಂದ ಎಂದು ಗಿರಿಜೆ ಆಕಾಶ ತೋರಿಸಿದಳು. ಅವನು ಹೂಂ ಅಂದ. ಮಳೆ ಬಂದಾಗ ಇನ್ನೊಂದು ಸಲ ಬರೋಣ ಅಂತ ಮಾತ್ರ ಹೇಳಿ ಬೀಡಿ ಹಚ್ಚಿದ.

ಬುಧವಾರ, ಮಳೆ

ಕಾಶಿಯಲ್ಲಿ ಮಳೆ ಬಂದರೆ ಊರಿಗೆ ಊರೇ ಕೆಲಸ ನಿಲ್ಲಿಸಿ ಬಿಸಿ ಬಿಸಿ ಪಕೋಡ ಮುಂದಿಟ್ಟುಕೊಂಡು ಕೂರುತ್ತದೆ. ಬಾಯಲ್ಲಿ ಪಾನ್ ಇಟ್ಟುಕೊಂಡೇ ಅವರು ಮಳೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಮಂಡಲಿಯ ಹುಡುಗರೂ ಕ್ಯಾಂಟೀನಿನಲ್ಲಿದ್ದರು. ಎರಡು ತಿಂಗಳು ಬಿಸಿಲಲ್ಲಿ ದುಡಿದ ಆ ಮಕ್ಕಳು ಮಳೆಯಲ್ಲಿ ಒಂದು ದಿನವೂ ಕುಂಡದ ಹತ್ತಿರ ಹೋಗಿರಲಿಲ್ಲ. ಮಳೆ ನಿಂತ ಮೇಲೆ ಹೋಗಿ ಮೆಟ್ಟಿಲು ಎಣಿಸಿ ಬೇಜಾರು ಮಾಡಿಕೊಂಡು ಬರುತ್ತಿದ್ದರು.

ನಮ್ಮ ನೀರುಗಂಟಿಗೆ ಕೆಲಸ ಶುರುವಾಗುವುದೇ ಮಳೆಯಲ್ಲಿ. ಗೋಣಿಚೀಲ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು ತೋಪಿನೊಳಗೆ ನುಗ್ಗಿದ. ಹಿಂದೆ ಗಿರಿಜೆ, ಅವಳ ಹಿಂದೆ ಛತ್ರಿ ಉಲ್ಟಾ ಮಾಡಿಕೊಂಡ ನಾನು. ಅವನು ನೆಲ ನೋಡಿಕೊಂಡೇ ನಡೆದ. ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ಒತ್ತಿ ನೋಡಿದ. ತೋಪಿನ ನೀರೆಲ್ಲ ಕೂಡಿ ಮೈದಾನಕ್ಕೆ ಇಳಿಯಿತು. ಮೈದಾನದಿಂದ ಸೀದಾ ಕುಂಡದ ಕಡೆಗೇ ಬಂತು. ಬಂದು ಆ ಅಂದವಾದ ಏರಿಗೆ ಡಿಕ್ಕಿ ಹೊಡೆದು, ಪಕ್ಕಕ್ಕೆ ತಿರುಗಿ, ಹಾಸ್ಟೆಲಿನ ಜಗಲಿ ಹತ್ತಿ, ಆಚೆಯ ರಸ್ತೆಯ ಚರಂಡಿ ಸೇರಿತು. ಹಾಸ್ಟೆಲಿನಲ್ಲಿ ಹುಡುಗರ ಟ್ರಂಕುಗಳೆಲ್ಲ ಮಂಚದ ಮೇಲಿದ್ದವು.

“ಕೆರೆ ತೋಡವ್ರೆ, ನೀರು ಬರ್ದಂಗೆ ಬೇಲೀನೂ ಹಾಕವ್ರೆ,” ಅಂದ ಮುನಿಯಪ್ಪ. “ಇನ್ನೂ ಹತ್ ಮಳೆಗಾಲ ಬಂದ್ರೂ ಇದು ತುಂಬಾಕಿಲ್ಲ ಅಮ್ಮೋರೆ.”

ಇದನ್ನು ಗಿರಿಜೆಗೆ ಹಿಂದಿಗೆ ತಿರುಗಿಸಿ ಹೇಳಬೇಕಾಗಿರಲಿಲ್ಲ. ಏರಿ ಕಟ್ಟುವ ಯೋಚನೆ ಅವಳದೇ. ಕೊಳೆ ಒಳಗೆ ಬರಬಾರದು ಎಂದು ಅವಳೇ ನಕ್ಷೆ ಬರೆದಿದ್ದಳು. ಮಳೆಯಲ್ಲಿ ನೆಂದು ನಿಂತು ಆ ಏರಿಯನ್ನೇ ನೋಡಿದಳು. ಅಳುತ್ತಿದ್ದಳೋ ಏನೋ, ಆ ಮಳೆಯಲ್ಲಿ ಗೊತ್ತಾಗಲಿಲ್ಲ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಂಡೆ.

ಗುರುವಾರ

ಮಾರನೆಯ ದಿನ ಕ್ಯಾಂಟೀನಿನಲ್ಲಿ ಮಂಡಲಿಯ ಸಭೆ. ಗಿರಿಜೆ ಎದ್ದು ನಿಂತು ತಪ್ಪು ನನ್ನದು, ತೋಪಿನ ಕಡೆಯ ಏರಿ ಒಡೆಯಬೇಕು ಎಂದು ನೇರವಾಗಿ ಹೇಳಿದಳು. ಕೂಡಲೇ ಗಲಾಟೆ. ಆ ಕಡೆಯ ಏರಿ ಕಟ್ಟಿಸಿದವನು ಸುರೇಂದರ್ ಎಂಬ ಉದ್ದನೆಯ ಹುಡುಗ, ಅಂತಿಮ ವರ್ಷದವನು. ಎರಡು ತಿಂಗಳು ಮಣ್ಣು ಹೊತ್ತವರು ನಾವು, ನಿನ್ನೆ ಬಂದ ಮದ್ರಾಸಿ ಮುದುಕನ ಮಾತಿಗೆ ಒಡೆಯಬೇಕೇ ಎಂದು ಮೇಜು ಗುದ್ದಿದ. ವಿಂಧ್ಯದ ಕೆಳಗಿನವರೆಲ್ಲ ಅವರಿಗೆ ಮದ್ರಾಸಿಗಳೇ. ನಾನು ನನ್ನ ಪರೀಕ್ಷೆಯ ಹಿಂದಿಯಲ್ಲಿ ಅವನಿಗೆ ಚೆನ್ನಾಗಿ ಉಗಿದೆ. ಅವನಿಗೆ ಅರ್ಧವೂ ಅರ್ಥವಾಗಲಿಲ್ಲ, ಆದರೆ ಹೆಡ್‌ಮಿಸ್ಟ್ರೆಸ್ ದನಿ ಯಾವ ಭಾಷೆಯಲ್ಲಾದರೂ ಕೆಲಸ ಮಾಡುತ್ತದೆ, ಕೂತುಬಿಟ್ಟ.

ಮುನಿಯಪ್ಪ ವಾದಕ್ಕೇ ಹೋಗಲಿಲ್ಲ. ಹೊರಗೆ ಮತ್ತೆ ಹನಿ ಶುರುವಾಗಿತ್ತು. ಸುರೇಂದರನ ಮೊಣಕೈ ಹಿಡಿದು ಎಬ್ಬಿಸಿ ಮೈದಾನದ ಮೇಲ್ತುದಿಗೆ ಕರೆದುಕೊಂಡು ಹೋದ. ಎಲ್ಲರೂ ಹಿಂದೆ ಹೋದೆವು. ಒಂದು ಹಿಡಿ ಬೇವಿನ ಎಲೆ ಕಿತ್ತು ಅವನ ಕೈಗೇ ಕೊಟ್ಟು, ಹರಿಯುವ ನೀರಿಗೆ ಹಾಕು ಎಂದು ಸನ್ನೆ ಮಾಡಿದ. ಹಾಕಿದ. ಎಲೆಗಳ ಜೊತೆಯಲ್ಲೇ ನಡೆದುಕೊಂಡು ಬಂದೆವು, ನಲವತ್ತು ಜನ, ಮೆರವಣಿಗೆಯ ಹಾಗೆ. ಎಲೆಗಳು ತೇಲಿ ತೇಲಿ ಬಂದು ಸುರೇಂದರನ ಏರಿಗೆ ತಾಗಿ ಅಲ್ಲೇ ಗಿರಗಿರ ತಿರುಗಿದವು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದಾಗಿ ಹಾಸ್ಟೆಲಿನ ಕಡೆ ಹೊರಟವು.

ಸುರೇಂದರ್ ಬಗ್ಗಿ ತಾನು ನೆಟ್ಟ ಹೊಂಗೆ ಸಸಿಯನ್ನು ಮಣ್ಣಿನ ಸಮೇತ ಎತ್ತಿ ಪಕ್ಕದಲ್ಲಿಟ್ಟ. ಎರಡನೆಯದನ್ನು ಎತ್ತಿದ. ಮೂರನೆಯದಕ್ಕೆ ಉಳಿದವರೂ ಕೈ ಹಾಕಿದರು. ಆಮೇಲೆ ಸುರೇಂದರ್ ಮುನಿಯಪ್ಪನ ಹತ್ತಿರ ಬಂದು ‘ಬಾಬಾ’ ಎಂದು ಅವನ ಕಾಲು ಮುಟ್ಟಿದ. ಮುನಿಯಪ್ಪ ಬೆಂಕಿ ತುಳಿದವನ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಅದುವರೆಗೆ ಅವನ ಕಾಲು ಯಾರೂ ಮುಟ್ಟಿರಲಿಲ್ಲ.

ಶುಕ್ರವಾರ

ಏರಿ ಒಡೆಯುವುದೆಂದರೆ ಹಾಗೇ ಒಡೆಯುವುದಲ್ಲ, ಒಡೆದರೆ ಹೂಳೆಲ್ಲ ಮತ್ತೆ ಕುಂಡಕ್ಕೇ ಹೋಗುತ್ತದೆ. ಮುನಿಯಪ್ಪ ಹೇಳಿದ ಹಾಗೆ ಮೈದಾನದ ಅಂಚಿನಲ್ಲಿ ಕಾಲುವೆ ತೆಗೆದೆವು. ಕುಂಡಕ್ಕೆ ಹತ್ತು ಮಾರು ಇರುವಾಗ ಒಂದು ಗುಂಡಿ, ನೀರು ಅಲ್ಲಿ ನಿಂತು ಮಣ್ಣು ಕೆಳಗಿಳಿಯಲಿ ಎಂದು. ಕಾಲುವೆಯ ಬಾಯಿಗೆ ಕಲ್ಲು ಹಾಸಿದೆವು. ಹಾಸ್ಟೆಲ್ ಅಡುಗೆಮನೆಯ ಮುಸುರೆ ನೀರು ಕಾಲುವೆಗೆ ಬೀಳದ ಹಾಗೆ ಬಾಳೆಗಿಡದ ಕಡೆ ಅವನೇ ತಿರುಗಿಸಿದ. ಕೊನೆಗೆ ಏರಿಯನ್ನು ಎರಡೂ ಕಡೆಯಿಂದ ಕಡಿದು, ನಡುವೆ ಒಂದು ಮೊಳ ದಪ್ಪದ ಮಣ್ಣನ್ನು ಮಾತ್ರ ಬಿಟ್ಟ. ಹಾಸಿದ ಕಲ್ಲು ರಾತ್ರಿ ಕೂರಲಿ, ಇದನ್ನು ಬೆಳಿಗ್ಗೆ ತೆಗೆಯೋಣ ಅಂದ.

ಬೇಲಿಯಾಚೆಯ ಪಾನ್ ಅಂಗಡಿಯವನು ಬೆಳಿಗ್ಗೆಯಿಂದ ಕೂತಲ್ಲಿಂದಲೇ ಸಲಹೆ ಕೊಡುತ್ತಿದ್ದ. ಕಾಶಿಯಲ್ಲಿ ಸಲಹೆಗೆ ಬರವಿಲ್ಲ. ಮಧ್ಯಾಹ್ನಕ್ಕೆ ಅವನಿಗೇ ತಡೆಯಲಾಗದೆ ಅಂಗಡಿ ಮುಚ್ಚಿ ಬಂದು ಮಂಕರಿ ಹೊತ್ತ. ನಾನೂ ಸೆರಗು ಸಿಕ್ಕಿಸಿ ಮಣ್ಣು ಹೊತ್ತೆ. ಕೋಲಾರದಲ್ಲಿ ಹೆಡ್‌ಮಿಸ್ಟ್ರೆಸ್ ಹೀಗೆ ಮಣ್ಣು ಹೊತ್ತರೆ ಡಿ.ಇ.ಓ.ಗೆ ಅರ್ಜಿ ಹೋಗುತ್ತಿತ್ತು. ಇಲ್ಲಿ ಕೇಳುವವರಿಲ್ಲ, ಹಾಯಾಗಿತ್ತು. ಊಟಕ್ಕೆ ಹಾಸ್ಟೆಲಿನ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತೆವು. ಒಂದು ಕಡೆ ಸುರೇಂದರ್, ಇನ್ನೊಂದು ಕಡೆ ನಾನು, ನಡುವೆ ಮುನಿಯಪ್ಪ. ಒಂದೇ ಬಕೆಟ್ಟಿನ ದಾಲು. ಅವನು ಮೊದಲ ತುತ್ತು ಎತ್ತುವ ಮುಂಚೆ ನನ್ನ ಮುಖ ನೋಡಿದ. ಉಣ್ಣಪ್ಪ ಅಂದೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ರಾತ್ರಿಯೆಲ್ಲ ಮಳೆ ಜಡಿಯಿತು.

ಶನಿವಾರ

ಬೆಳಿಗ್ಗೆ ಹೋದಾಗ ಮೈದಾನ ಇರಲಿಲ್ಲ. ತೋಪಿನಿಂದ ಏರಿಯವರೆಗೆ ಒಂದೇ ನೀರು. ಕುಂಡದೊಳಗೆ ಮಾತ್ರ ಎರಡನೆಯ ಮೆಟ್ಟಿಲು ಮುಳುಗಿ, ಮೂರನೆಯದು ಬರಿಯ ಒದ್ದೆ. ಸಮಿತಿಯವರು ಛತ್ರಿ ಹಿಡಿದು ಬಂದು ಐದನೆಯ ಮೆಟ್ಟಿಲಿಗೆ ಇಳಿದು ನಿಂತರು. ಅವರಲ್ಲಿ ಹಿರಿಯರು ಬಿಳಿ ಕಚ್ಚೆಯ ವಕೀಲರೊಬ್ಬರು. ಒಮ್ಮೆ ಕೆಳಗೆ ನೋಡಿ, ಗಿರಿಜೆ ಬರೆದ ಕಾಗದವನ್ನು ಜೇಬಿನಿಂದ ತೆಗೆದರು.

ಅರ್ಧ ಗಂಟೆ ಕೊಡಿ ಎಂದು ನಾನು ಕೈಮುಗಿದೆ. ವಕೀಲರು ಗಡಿಯಾರ ನೋಡಿ ಆಗಲಿ ಅಂದರು. ಇಂಥ ಸಂದರ್ಭ ಸಿಕ್ಕರೆ ಪ್ರಿನ್ಸಿಪಾಲರು ಬಿಡುತ್ತಾರೆಯೇ, ಹಾಗಾದರೆ ಉದ್ಘಾಟನೆ ನಾನೇ ಮಾಡುತ್ತೇನೆ ಎಂದು ಪಂಚೆ ಎತ್ತಿ, ಮಣ್ಣು ಅಗೆಯುವ ಸನಿಕೆಗೆ ಕೈ ಚಾಚಿದರು. ಮುನಿಯಪ್ಪ ಸನಿಕೆಯನ್ನು ಎದೆಗೆ ಅವುಚಿಕೊಂಡು ಅಡ್ಡ ನಿಂತ.

“ನಮ್ಮೂರಾಗೆ ಪಟೇಲ್ರೇ ಬಂದ್ರೂ ತೂಬು ಮುಟ್ಟಂಗಿಲ್ಲ. ಕೆರೆ ನೀರುಗಂಟಿ ಕೈಯಾಗೇ ನೀರು ಬಿಡ್ಬೇಕು. ಹೇಳಿ ಅಮ್ಮೋರೆ, ಹಂಗೇ ಹೇಳಿ.”

ಆ ವಾರವೆಲ್ಲ ನಾನು ಅವನ ಮಾತಿಗೆ ಸಕ್ಕರೆ ಬೆರೆಸಿ ಹಿಂದಿ ಮಾಡುತ್ತಿದ್ದೆ. ಈ ಸಲ ಬೆರೆಸಲಿಲ್ಲ, ಹಾಗೇ ಹೇಳಿದೆ. ಪ್ರಿನ್ಸಿಪಾಲರ ಕೈ ಗಾಳಿಯಲ್ಲೇ ನಿಂತಿತು. ವಕೀಲರಿಗೆ ಕುತೂಹಲ ಬಂತು. ಹಾಗಾದರೆ ಈ ಕುಂಡದ ನೀರುಗಂಟಿ ಯಾರು, ನೀವೇ ಏನು ಎಂದು ಕೇಳಿದರು. ಮುನಿಯಪ್ಪ ಅಲ್ಲವೆಂದು ತಲೆಯಾಡಿಸಿ, ತನಗೆ ಊರಲ್ಲಿ ಕೆರೆ ಇದೆ ಅಂದ. ಗಿರಿಜೆಯ ಕಡೆ ತಿರುಗಿ ಎರಡೂ ಕೈಯಲ್ಲಿ ಸನಿಕೆ ಹಿಡಿದು ಅವಳಿಗೆ ಕೊಟ್ಟ.

ಅವಳು ಸನಿಕೆ ಎತ್ತಿ ಹಾಕಿದಳು. ನಾಲ್ಕನೆಯ ಏಟಿಗೆ ಮಣ್ಣು ಸೀಳಿತು, ಐದನೆಯದು ಬೇಕಾಗಲಿಲ್ಲ. ಮೈದಾನದ ನೀರೆಲ್ಲ ಒಂದೇ ಸಲಕ್ಕೆ ಕಾಲುವೆಗೆ ನುಗ್ಗಿ, ಗುಂಡಿಯಲ್ಲಿ ಒಂದು ಸುತ್ತು ತಿರುಗಿ, ಕಲ್ಲಿನ ಮೇಲೆ ದಬದಬ ಬಿದ್ದು ಕುಂಡಕ್ಕೆ ಇಳಿಯಿತು. ಹುಡುಗರ ಕೂಗಿಗೆ ತೋಪಿನ ಕಾಗೆಗಳೆಲ್ಲ ಎದ್ದವು. ಮೂರನೆಯ ಮೆಟ್ಟಿಲು ಹೋಯಿತು. ನಾಲ್ಕನೆಯದು ಹೋಯಿತು. ವಕೀಲರ ಚಪ್ಪಲಿ ಒದ್ದೆಯಾಗಿ ಅವರು ಒಂದು ಮೆಟ್ಟಿಲು ಮೇಲೆ ಹತ್ತಿದರು. ನಿಂತರು. ಕಚ್ಚೆ ಎತ್ತಿಕೊಂಡು ಇನ್ನೊಂದು ಹತ್ತಿದರು. ಈಗ ಅವರು ನಿಂತದ್ದು ಏಳನೆಯದರ ಮೇಲೆ. ಹುಡುಗ ಹುಡುಗಿಯರೆಲ್ಲ ಅಂಚಿಗೆ ಬಂದು ಬಗ್ಗಿ ನೋಡಿದರು. ನೀರು ಬಂದು ಅವರ ಹೆಬ್ಬೆರಳು ಮುಟ್ಟಿತು, ಪಾದ ಮುಚ್ಚಿತು, ಆ ಮನುಷ್ಯ ಅಲುಗಲಿಲ್ಲ. ಹಿಮ್ಮಡಿ ಮುಳುಗುವವರೆಗೆ ನಿಂತು, ಕಾಗದವನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡು, ಸೈಕಲ್ ಸ್ಟ್ಯಾಂಡಿಗೆ ಬೇರೆ ಜಾಗ ನೋಡಿ ಎಂದು ಪ್ರಿನ್ಸಿಪಾಲರಿಗೆ ಹೇಳಿದರು.

ಆಮೇಲಿನ ಗದ್ದಲ ಏನು ಹೇಳಲಿ! ಸುರೇಂದರ್ ಬಟ್ಟೆ ಸಮೇತ ಕುಂಡಕ್ಕೆ ಹಾರಿದ, ಅವನ ಹಿಂದೆ ಹತ್ತು ಜನ. ಪ್ರಿನ್ಸಿಪಾಲರನ್ನೂ ಎಳೆದುಬಿಟ್ಟರು, ಅವರೂ ನಗುತ್ತಿದ್ದರು. ಗಂಜಿಯಿಂದ ಚೇತರಿಸಿಕೊಂಡು ಬಂದಿದ್ದ ನಮ್ಮ ಯಜಮಾನರು ಛತ್ರಿ ಬಿಸಾಡಿ ಚಪ್ಪಾಳೆ ತಟ್ಟಿದರು. ನಾನು ನಾಚಿಕೆ ಬಿಟ್ಟು ಗಟ್ಟಿಯಾಗಿ ಅತ್ತೆ, ಸಂತೋಷಕ್ಕೆ.

ಗಿರಿಜೆ ಮಾತ್ರ ಸನಿಕೆ ಹಿಡಿದು ಕಾಲುವೆಯ ಬಾಯಲ್ಲೇ ನಿಂತಿದ್ದಳು. ಮಳೆ ಮತ್ತೆ ಶುರುವಾಯಿತು. ಮುನಿಯಪ್ಪ ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದ, “ನೋಡವ್ವ, ಇನ್ಮೇಲೆ ಮಳೆ ಬಂದ್ರೆ ಮನೇಲಿ ಕುಂತ್ಕಳಂಗಿಲ್ಲ ನೀನು.”

“ಹಾಂ ಬಾಬಾ,” ಎಂದಳು. ತಲೆಗೆ ಗೋಣಿಚೀಲ ಹೊದ್ದು, ಕೂಗಾಡುವವರ ಕಡೆ ತಿರುಗಿಯೂ ನೋಡದೆ, ನೀರು ಬರುವ ದಾರಿ ಹಿಡಿದು ತೋಪಿನ ಕಡೆ ಹೊರಟಳು.